ಚಿಲಕದಮ್ಮನಿಗೆ ಒಂದು ನಿಮಿಷ ಮೌನ

ಶಾಸಕರ ವಸತಿಗೃಹ, ಎರಡನೇ ಮಹಡಿ, ಲಿಫ್ಟ್ ಪಕ್ಕದ ಮನೆ
೧೪ನೇ ತಾರೀಖು, ಗುರುವಾರ ಮಧ್ಯಾಹ್ನ

ನನ್ನ ಪ್ರೀತಿಯ ಬೀಗದ ದೊಡ್ಡಪ್ಪಾ,

ಹೇಗಿದ್ದೀರಾ? ಎದೆ ತಂಟೆ ಮಾಡ್ದೆ ಸುಮ್ನಿದೆಯಾ? ಬೆಳಿಗ್ಗೆ ಮಾತ್ರೆ ನುಂಗ್ತಿದ್ದೀರಾ, ಇಲ್ಲ ಹೋದ್ಸಲ ಅಮ್ಮ ಬಂದಾಗ ಸಿಕ್ಕಿಬಿದ್ದ ಹಾಗೆ ಸ್ಕ್ರೂ ಡಬ್ಬೀಲಿ ಬಚ್ಚಿಡ್ತಿದ್ದೀರಾ? ಅಂಗಡಿ ಹಿಂದಿನ ರೂಮಲ್ಲಿ ಗಾಳಿ ಆಡಲ್ಲ, ಕಿಟಕಿ ತೆಗೆದಿಟ್ಕೊಳ್ಳಿ ಅಂತ ಅಮ್ಮ ಹೇಳಿದ್ದಾರೆ. ನಾನು ಚೆನ್ನಾಗಿದ್ದೀನಿ. ಕಾಲೇಜು ನಡೀತಿದೆ, ನಾನು ಅದರ ಹಿಂದೆ ಓಡ್ತಿದ್ದೀನಿ. ನನ್ನ ಕೈಬರಹ ನೋಡಿ ನಗ್ಬೇಡಿ. ದಿನವಿಡೀ ಎರಡು ಹೆಬ್ಬೆರಳಲ್ಲೇ ಬದುಕೋಳು ನಾನು. ಪೆನ್ನು ಹಿಡಿದು ಒಂದು ಪುಟ ಆಗೋಷ್ಟ್ರಲ್ಲಿ ಮಣಿಕಟ್ಟು ಕಿತ್ಕೊಂಡು ಬರ್ತಿದೆ. ಆದ್ರೆ ಏನ್ ಮಾಡ್ಲಿ, ನಿಮ್ಮ ಆ ಬಟನ್ ಫೋನಿಗೆ ಉದ್ದದ ಮೆಸೇಜ್ ಕಳಿಸಿದ್ರೆ ಅರ್ಧಕ್ಕೇ ಕತ್ತರಿಸಿ ಹಾಕುತ್ತೆ, ಕಾಲ್ ಮಾಡಿದ್ರೆ ನೀವು ದೊಡ್ಡಮ್ಮನ ಹೆಸರು ಬಂದ ತಕ್ಷಣ "ಗಿರಾಕಿ ಬಂದ್ರು ಇಡ್ತೀನಿ" ಅಂತೀರಾ. ಅದೇನು ನಿಮ್ಮ ಗಿರಾಕಿಗಳಿಗೆ ದೊಡ್ಡಮ್ಮನ ಹೆಸರು ಕೇಳಿದಾಗ್ಲೇ ಬೀಗ ಕೆಡೋದು? ಪತ್ರ ಆದ್ರೆ ನಡೂಮಧ್ಯ ಇಡೋಕಾಗಲ್ಲ ಅಂತ ಈ ಐಡಿಯಾ.

ಮೊದಲನೇ ವಿಷ್ಯ, ಇದನ್ನ ಎಲ್ಲಕ್ಕಿಂತ ಮೇಲೆ ಪಿನ್ ಮಾಡ್ತಿದ್ದೀನಿ ಅಂದ್ಕೊಳ್ಳಿ: ದೊಡ್ಡಮ್ಮ ಬದುಕಿದ್ದಾರೆ. ಪಕ್ಕದ ಪೇಂಟ್ ಅಂಗಡಿಯವ್ರು ತಮ್ಮ ಫೋನಲ್ಲಿ ದೊಡ್ಡಮ್ಮನ ಫೋಟೋ ತೋರ್ಸಿರ್ತಾರೆ, ಸುತ್ತ ಕಪ್ಪು ಚೌಕಟ್ಟು, ಕೆಳಗೊಂದು ಮೇಣದಬತ್ತಿ, "ಚಿಲಕದಮ್ಮ ಇನ್ನಿಲ್ಲ, ಭಾವಪೂರ್ಣ ಶ್ರದ್ಧಾಂಜಲಿ" ಅಂತ. ಸುಳ್ಳು. ನಾನು ಇದನ್ನ ಬರೀತಿರೋವಾಗ ಅವರು ಪಕ್ಕದ ರೂಮಲ್ಲಿ ರಟ್ಟಿನ ಪೆಟ್ಟಿಗೆಗೆ ಪುಸ್ತಕ ತುಂಬಿಸ್ತಾ ಯಾರನ್ನೋ ಫೋನಲ್ಲಿ ಬೈತಿದ್ದಾರೆ. ಆ ಫೋಟೋ ಹೇಗೆ ಹುಟ್ಕೊಂಡ್ತು ಅನ್ನೋದೇ ಒಂದು ಕಥೆ, ಹೇಳ್ತೀನಿ. ನನ್ನದೇ ಗ್ರೂಪಿದೆಯಲ್ಲ, "ಚಿಲಕ ಆರ್ಮಿ", ಅದ್ರಲ್ಲೇ ಯಾರೋ ಒಬ್ಬ ಪುಣ್ಯಾತ್ಮ ಹಾಕಿದ್ದ. ನಾನು ಬೈದು ಡಿಲೀಟ್ ಮಾಡಿಸೋಷ್ಟ್ರಲ್ಲಿ ಅದು ಊರೆಲ್ಲಾ ಸುತ್ತಿ, ನಮ್ಮಮ್ಮನ ಆಫೀಸ್ ಗ್ರೂಪಿಗೇ ವಾಪಸ್ ಬಂದಿತ್ತು. ಅಮ್ಮ ಅಲ್ಲೇ ಕುರ್ಚಿ ಮೇಲೆ ಕುಸಿದು ಕೂತ್ಬಿಟ್ರಂತೆ.

ಮಂಗಳವಾರ ದೊಡ್ಡಮ್ಮನ ಕೊನೇ ದಿನ ಸದನದಲ್ಲಿ. ರಾಜೀನಾಮೆ ಕೊಟ್ಟಿದ್ದು ನಿಮಗೆ ರೇಡಿಯೋದಲ್ಲಿ ಗೊತ್ತಾಗಿರುತ್ತೆ. ಯಾಕೆ ಅಂತ ಯಾರಿಗೂ ಹೇಳ್ಲಿಲ್ಲ. "ಸಾಕಾಯ್ತು, ಬೇರೆಯವ್ರು ಬರ್ಲಿ" ಅಂದ್ರು, ಅಷ್ಟೇ. ಬೀಳ್ಕೊಡುಗೆ ಭಾಷಣಗಳಿದ್ವು, ನನಗೆ ಗ್ಯಾಲರಿ ಪಾಸ್ ಸಿಕ್ಕಿತ್ತು. ಮುಂದಿನ ಸಾಲಲ್ಲಿ "ಕುಟುಂಬದವರಿಗೆ" ಅಂತ ಚೀಟಿ ಅಂಟಿಸಿದ್ದ ಎರಡು ಸೀಟು. ಒಂದ್ರಲ್ಲಿ ನಾನು, ಇನ್ನೊಂದ್ರಲ್ಲಿ ನನ್ನ ಬ್ಯಾಗು. ಮಧ್ಯೆ ಯಾರೋ ಒಬ್ರು "ಇಲ್ಲಿ ಯಾರಾದ್ರೂ ಬರ್ತಾರಾ?" ಅಂತ ಕೇಳಿದ್ರು. ನಾನು "ಬರ್ತಾರೆ" ಅಂದೆ. ಯಾಕೆ ಹಾಗಂದೆ ಗೊತ್ತಿಲ್ಲ.

ಬೆಳಿಗ್ಗೆ ಗೇಟಲ್ಲಿ ಎಂದಿನ ಹಾಗೇ ಸೆಕ್ಯೂರಿಟಿ ಅಕ್ಕ ದೊಡ್ಡಮ್ಮನ ಬ್ಯಾಗಿಂದ ಸ್ಕ್ರೂಡ್ರೈವರ್ ತೆಗೆದು ಡ್ರಾಯರಲ್ಲಿ ಇಟ್ಕೊಂಡ್ರು. ನಿಮ್ದೇ ಅದು, ಹಳದಿ ಹಿಡಿ, ಕಪ್ಪು ಟೇಪು ಸುತ್ತಿರೋದು. ನಿಮಗೆ ಗೊತ್ತಿರೋ ಕಥೆನೇ, ಆದ್ರೂ ನನಗೆ ಇನ್ನೊಂದ್ಸಲ ಹೇಳೋಕೆ ಖುಷಿ: ಮೊದಲನೇ ಸಲ ಗೆದ್ದಾಗ ಬಸ್ ಸ್ಟ್ಯಾಂಡ್ ಟಾಯ್ಲೆಟ್ ನೋಡೋಕೆ ಹೋಗಿ, ಒಳಗೆ ಚಿಲಕಾನೇ ಇಲ್ಲ ಅಂತ, ಒಬ್ಬ ಕಾಲೇಜು ಹುಡುಗಿ ಹೊರಗೆ ಬರೋವರೆಗೂ ಬಾಗ್ಲು ಹಿಡ್ಕೊಂಡು ನಿಂತಿದ್ರಂತೆ. ಮಾರನೇ ದಿನ ನಿಮ್ಮ ಅಂಗಡಿಯಿಂದ ಚಿಲಕ, ನಾಲ್ಕು ಸ್ಕ್ರೂ, ಈ ಸ್ಕ್ರೂಡ್ರೈವರ್ ಎತ್ಕೊಂಡು ಹೋಗಿ ತಾವೇ ಹಾಕಿ ಬಂದ್ರು. ಹೇಗೆ ತಿರುಗಿಸ್ಬೇಕು ಅಂತ ನೀವು ಹಿಂದಿನ ರಾತ್ರಿ ಅಡುಗೆಮನೆ ಬಾಗ್ಲಲ್ಲಿ ಹೇಳ್ಕೊಟ್ಟಿದ್ರಂತೆ. ಆವತ್ತಿಂದ ಹೋದಲ್ಲೆಲ್ಲಾ, ಸ್ಕೂಲು, ಆಸ್ಪತ್ರೆ, ಮಾರ್ಕೆಟ್ಟು, ಮೊದಲು ಟಾಯ್ಲೆಟ್ ಬಾಗ್ಲು ಎಳೆದು ನೋಡೋದು, ಆಮೇಲೆ ಭಾಷಣ. ಜನ ಚಿಲಕದಮ್ಮ ಅಂದ್ರು. ಗೇಲಿಗೆ ಶುರುವಾಗಿದ್ದು ಆ ಹೆಸರು, ಆಮೇಲೆ ಪೋಸ್ಟರಿಗೇ ಬಂತು. ನಿಮ್ಮ ಅಂಗಡಿ ವ್ಯಾಪಾರಕ್ಕೋಸ್ಕರ ಹೀಗೆಲ್ಲಾ ಮಾಡ್ತಾಳೆ ಅಂದವ್ರೂ ಇದ್ರಂತೆ. ನೀವು ಆವತ್ತು ಚಿಲಕ ಮಾರೋದನ್ನೇ ನಿಲ್ಸಿ ಬರೀ ಬೀಗಕ್ಕೆ ನಿಂತ್ರಿ. ಇದು ನನ್ನ ಫೇವರಿಟ್ ಪಾರ್ಟು ದೊಡ್ಡಪ್ಪ, ನಾನು ಗ್ರೂಪಲ್ಲಿ ವಾಯ್ಸ್ ನೋಟ್ ಬೇರೆ ಹಾಕಿದ್ದೆ.

ಸರಿ, ಸದನಕ್ಕೆ ಬರ್ತೀನಿ. ಒಬ್ಬೊಬ್ರಾಗಿ ಎದ್ದು ಹೊಗಳ್ತಾ ಹೋದ್ರು. ಮೊದಮೊದಲು ನಾನು ಮೈಯೆಲ್ಲಾ ಕಿವಿ ಮಾಡ್ಕೊಂಡು ಕೇಳ್ದೆ. ಆಮೇಲೆ ಗಮನಿಸ್ದೆ, ಎಲ್ರೂ ಅದೇ ಒಂದು ವಿಷ್ಯಕ್ಕೇ ಬಂದು ನಿಲ್ತಿದ್ರು. ಚಿಲಕದ ಮಸೂದೆ ದಿನ, ಊರೂರಿನ ಟಾಯ್ಲೆಟ್ಟಿಗೆಲ್ಲಾ ಒಳಗಿಂದ ಚಿಲಕ ಇರ್ಲೇಬೇಕು ಅನ್ನೋ ದೊಡ್ಡಮ್ಮನ ಕಾನೂನು ಪಾಸಾದ ದಿನ. "ಪತಿ ಆಪರೇಷನ್ ಟೇಬಲ್ ಮೇಲಿದ್ರೂ ಈ ತಾಯಿ ಸದನ ಬಿಟ್ಟು ಕದಲಲಿಲ್ಲ, ಒಂದೇ ಒಂದು ಮತದಿಂದ ಮಸೂದೆ ಗೆಲ್ಲಿಸಿದ್ರು" ಅಂತ ಒಬ್ರು. ಮೇಜು ಕುಟ್ಟಿದ್ರು. "ಮನೆಗಿಂತ ನಾಡು ದೊಡ್ಡದು ಅಂತ ತೋರ್ಸಿದವ್ರು" ಅಂತ ಇನ್ನೊಬ್ರು. ಮತ್ತೆ ಕುಟ್ಟಿದ್ರು. ದೊಡ್ಡಮ್ಮ ಎರಡೂ ಕೈ ಮೇಜಿನ ಕೆಳಗಿಟ್ಕೊಂಡು ಎದುರಿಗಿರೋ ನೀರಿನ ಲೋಟ ನೋಡ್ತಾ ಕೂತಿದ್ರು. ಆ ಲೋಟ ಮುಟ್ಲೇ ಇಲ್ಲ. ನನಗೆ ಆ ಮುಖ ನೋಡಿ, ಸೀರಿಯಸ್ಲಿ, ಗ್ಯಾಲರಿಯಿಂದ ಕೂಗಿ ನಿಲ್ಸಿ ಅನ್ನೋಣ ಅನ್ನಿಸ್ತು. ನಿಮ್ಮಿಬ್ಬರ ಮಧ್ಯೆ ಮುರಿದುಬಿದ್ದ ದಿನಾನ ಹಿಡ್ಕೊಂಡು ಅಷ್ಟು ಜನ ಪದಕ ಥರ ಅವರ ಎದೆಗೆ ಚುಚ್ತಿದ್ರು.

ಆ ದಿನದ ಬಗ್ಗೆ ನನಗೆ ಗೊತ್ತಿರೋದು ಅಮ್ಮ ಹೇಳಿದ್ದು ಮಾತ್ರ. ಬೆಳಗಿನ ಜಾವ ನಿಮಗೆ ಎದೆ ಹಿಡಿದಿದ್ದು, ದೊಡ್ಡಮ್ಮ ಸದನಕ್ಕೆ ಹೋದ್ಮೇಲೆ ಡಾಕ್ಟರು ಆಪರೇಷನ್ ಇವತ್ತೇ ಮಾಡ್ಬೇಕು ಅಂದಿದ್ದು, ಸಹಿ ಹಾಕೋಕೆ ಹೆಂಡ್ತಿ ಇಲ್ದೆ ನಾದಿನಿ ಹಾಕಿದ್ದು. ಸ್ಟ್ರೆಚರ್ ಬಾಗ್ಲು ದಾಟೋವಾಗ ನೀವು "ಬಂದ್ಲಾ?" ಅಂದಿದ್ದು. ಅಮ್ಮ "ದಾರೀಲಿದ್ದಾಳೆ ಭಾವ" ಅಂದಿದ್ದು. ನೀವು ಕಣ್ಣು ಬಿಟ್ಟಾಗ್ಲೂ ಅಮ್ಮನೇ ಇದ್ದಿದ್ದು. ಮನೆಗೆ ಬಂದ್ಮೇಲೆ ನೀವು ಒಂದೇ ಮಾತು ಅಂದ್ರಂತೆ: "ಊರಿನ ಬಾಗ್ಲಿಗೆಲ್ಲಾ ಚಿಲಕ ಹಾಕ್ತಾಳೆ, ಮನೆ ಬಾಗ್ಲು ಮಾತ್ರ ಹಾಗೇ ತೆರೆದು ಬಿಟ್ಟು ಹೋಗ್ತಾಳೆ." ಆಮೇಲೆ ಹೊಲಿಗೆ ಒಣಗೋಕೂ ಕಾಯ್ದೆ ಬ್ಯಾಗ್ ತಗೊಂಡು ಅಂಗಡಿ ಹಿಂದಿನ ರೂಮಿಗೆ ಹೋದವ್ರು, ಅಲ್ಲೇ. ನಾನು ನಿಮ್ಮನ್ನ ತಪ್ಪು ಅಂತಿಲ್ಲ. ನಾನು ದೊಡ್ಡಮ್ಮನ ನಂಬರ್ ಒನ್ ಫ್ಯಾನೇ, ಆದ್ರೂ ಆ ಒಂದು ವಿಷ್ಯದಲ್ಲಿ ಇಷ್ಟು ವರ್ಷ ನಾನು ಒಳಗೊಳಗೇ ನಿಮ್ಮ ಪಾರ್ಟಿ.

ಮಂಗಳವಾರದವರೆಗೆ.

ಕೊನೇಲಿ ವಿರೋಧ ಪಕ್ಷದ ಕಡೆಯಿಂದ ಗುಡುಗು ಎದ್ದು ನಿಂತ್ರು. ನೀವೇ ಇಟ್ಟ ಹೆಸರು, ನೆನಪಿದೆಯಲ್ಲ, ಅವರು ಮಾತಾಡಿದ್ರೆ ರೇಡಿಯೋ ವಾಲ್ಯೂಮ್ ತಗ್ಗಿಸ್ತಿದ್ರಿ. "ಚಿಲಕಕ್ಕೂ ಒಂದು ಕಾನೂನಾ? ನಾಳೆ ಬಚ್ಚಲಿನ ಮಗ್ಗಿಗೂ ತರ್ತೀರಾ?" ಅಂತ ಆವತ್ತು ಸದನಾನ ನಗ್ಸಿದ್ದ ಮನುಷ್ಯ. ಈಗ ತಲೆ ಪೂರ್ತಿ ಬೆಳ್ಳಗಾಗಿದೆ, ದನಿ ಮಾತ್ರ ಹಾಗೇ ಇದೆ. ಆದ್ರೆ ಮಂಗಳವಾರ ಗುಡುಗ್ಲಿಲ್ಲ. ಮೈಕ್ ಹತ್ರಕ್ಕೆ ಬಗ್ಗಿ ಮಾತಾಡಿದ್ರು. "ಎಲ್ರೂ ಆ ದಿನಾನ ಹೊಗಳಿದ್ರಿ. ಆ ದಿನ ಈಯಮ್ಮ ಸದನದಲ್ಲಿ ಕೂರೋಕೆ ಇಷ್ಟಪಟ್ಟಿರ್ಲಿಲ್ಲ. ಕೂರಿಸಿದ್ದು ನಾನು" ಅಂದ್ರು.

ಇಲ್ಲಿ ಒಂದು ಪದ್ಧತಿ ಇದೆಯಂತೆ ದೊಡ್ಡಪ್ಪ, ನನಗೂ ಆಗ್ಲೇ ಗೊತ್ತಾಗಿದ್ದು. "ಜೋಡಿ" ಅಂತಾರೆ. ಒಂದು ಕಡೆಯವ್ರಿಗೆ ಮನೇಲಿ ಕಾಯಿಲೆ ಕಸಾಲೆ ಅಂತ ಮತದಾನಕ್ಕೆ ಇರೋಕಾಗ್ದಿದ್ರೆ, ಎದುರು ಕಡೆಯಿಂದ ಒಬ್ರು ತಾವೂ ಮತ ಹಾಕದೆ ಹೊರಗೆ ಕೂರ್ತಾರೆ. ಅಲ್ಲಿಗೆ ಲೆಕ್ಕ ಸಮ, ಯಾರಿಗೂ ನಷ್ಟ ಇಲ್ಲ. ಬರಹ ಇಲ್ಲ, ಸಾಕ್ಷಿ ಇಲ್ಲ, ಬರೀ ಬಾಯಿಮಾತು. ಹೊರಗಡೆ ಯಾರಿಗೂ ಹೇಳೋ ಹಾಗಿಲ್ಲ, ಗಂಡ ಹೆಂಡ್ತಿಗೂ. ಆವತ್ತು ಅಮ್ಮನ ಫೋನ್ ಬಂದ ತಕ್ಷಣ ದೊಡ್ಡಮ್ಮ ಕಾರಿಡಾರಲ್ಲಿ ಗುಡುಗು ಅವರನ್ನ ಹಿಡ್ಕೊಂಡು "ಅಣ್ಣಾ, ನನ್ನ ಜೊತೆ ಜೋಡಿ ಆಗಿ, ನಾನು ಆಸ್ಪತ್ರೆಗೆ ಹೋಗ್ಬೇಕು" ಅಂತ ಕೇಳಿದ್ರಂತೆ. ಇವರು "ಹೋಗಮ್ಮ, ನಾನು ಕ್ಯಾಂಟೀನಲ್ಲಿ ಟೀ ಕುಡೀತಾ ಕೂತಿರ್ತೀನಿ" ಅಂದ್ರಂತೆ. ದೊಡ್ಡಮ್ಮ ಮೆಟ್ಟಿಲಿಳಿದು ಕಾರಿನ ಬಾಗ್ಲು ತೆಗೆದಿದ್ರಂತೆ. ಅಷ್ಟ್ರಲ್ಲಿ ಇವರ ಪಕ್ಷದವ್ರು ಕ್ಯಾಂಟೀನಿಗೆ ಬಂದು, ಮತ ಹಾಕ್ಲಿಲ್ಲ ಅಂದ್ರೆ ಮುಂದಿನ ಸಲ ಟಿಕೆಟ್ ಇಲ್ಲ ಅಂತ ಎಬ್ಬಿಸ್ಕೊಂಡು ಹೋದ್ರು. ಇವರು ಹೋಗಿ ತಮ್ಮ ಸೀಟಲ್ಲಿ ಕೂತ್ರು. ಅದನ್ನ ಯಾರೋ ಓಡಿಬಂದು ದೊಡ್ಡಮ್ಮನಿಗೆ ಹೇಳಿದ್ರು. ಆಗ ದೊಡ್ಡಮ್ಮ ಹೊರಟುಹೋಗಿದ್ರೆ ಮತ ಸಮ ಆಗಿ ಮಸೂದೆ ಬಿದ್ದುಹೋಗ್ತಿತ್ತು. "ಕಾರಿನ ಬಾಗ್ಲು ಹಾಕ್ಕೊಂಡು ವಾಪಸ್ ಬಂದ್ರು. ನನ್ನ ಮುಂದೇನೇ ಹಾದು ಹೋದ್ರು. ಒಂದು ಮಾತು ಬೈಲಿಲ್ಲ. ಇವತ್ತಿನವರೆಗೂ ಯಾರ ಹತ್ರಾನೂ ಹೇಳ್ಲಿಲ್ಲ. ನಾನು ಮಂತ್ರಿ ಆದೆ, ಆಗ್ಲೂ ಹೇಳ್ಲಿಲ್ಲ. ನೀವು ತ್ಯಾಗ ತ್ಯಾಗ ಅಂತ ಮೇಜು ಕುಟ್ತಿದ್ದೀರಿ. ಅದು ತ್ಯಾಗ ಅಲ್ಲ, ನಾನು ಮಾತು ತಪ್ಪಿದ್ದು. ಅವರ ಯಜಮಾನ್ರು ಎಲ್ಲಿದ್ದಾರೋ, ಈ ಮಾತು ಅವರ ಕಿವಿಗೆ ಬೀಳ್ಲಿ." ಇಷ್ಟು ಹೇಳಿ ಕೂತ್ಬಿಟ್ರು. ಯಾರೂ ಮೇಜು ಕುಟ್ಲಿಲ್ಲ.

ದೊಡ್ಡಪ್ಪ, ನಾನು ಪಕ್ಕದ ಸೀಟು ನೋಡ್ದೆ. ನನ್ನ ಬ್ಯಾಗು ಇತ್ತು.

ಈಗ ಆ ಫೋಟೋ ವಿಷ್ಯ. ಸಭಾಧ್ಯಕ್ಷರು ಕೊನೇಲಿ ಮಾತಾಡ್ಬೇಕಿತ್ತು. ಪಾಪ, ಗುಡುಗು ಹೇಳಿದ್ದು ಕೇಳಿ ಅವರ ಗಮನ ಎಲ್ಲೋ ಹೋಗಿತ್ತು. ಕೈಲಿದ್ದ ಹಾಳೆ ಓದ್ತಾ ಹೋದ್ರು, ಹುಟ್ಟಿದ್ದು ಯಾವಾಗ, ಎಷ್ಟು ಸಲ ಗೆದ್ರು, ಏನೇನು ಸೇವೆ. ಪ್ರತಿ ಅಧಿವೇಶನದ ಮೊದಲನೇ ದಿನ ತೀರಿಹೋದ ಹಳೇ ಸದಸ್ಯರಿಗೆ ಸಂತಾಪ ಓದೋದು ಇದೇ ಧಾಟೀಲಿ. ಇಷ್ಟು ವರ್ಷ ಓದಿ ಓದಿ ಬಾಯಿಗೆ ಅಭ್ಯಾಸ ಆಗ್ಬಿಟ್ಟಿದೆ. ಹಾಳೆ ಮುಗಿದ ತಕ್ಷಣ ತಲೆ ತಗ್ಗಿಸಿ, "ಅವರ ಗೌರವಾರ್ಥ ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸಬೇಕಾಗಿ ವಿನಂತಿ" ಅಂದ್ಬಿಟ್ರು! ಇಡೀ ಸದನ ಎದ್ದು ನಿಂತ್ಕೊಂಡ್ತು. ನಾನೂ ಎದ್ದು ನಿಂತೆ, ನೋಡಿ ನನ್ನ ಬುದ್ಧಿ. ಯಾರಿಗೂ ಏನೂ ಹೊಳೀಲಿಲ್ಲ. ಕೆಳಗೆ ನೋಡಿದ್ರೆ ದೊಡ್ಡಮ್ಮನೂ ಎದ್ದು ನಿಂತಿದ್ದಾರೆ, ಎಲ್ರ ಜೊತೆ ತಲೆ ತಗ್ಗಿಸಿ, ಕಣ್ಣು ಮುಚ್ಕೊಂಡು, ತಮ್ಮದೇ ಮೌನಕ್ಕೆ. ಫ್ಯಾನ್ ಶಬ್ದ ಮಾತ್ರ ಕೇಳ್ತಿತ್ತು. ಕೊನೆಗೆ ಗುಡುಗು ಅವರೇ ಕಣ್ಣು ಬಿಟ್ಟು, "ಅಯ್ಯೋ, ಅಮ್ಮ ಇಲ್ಲೇ ಇದ್ದಾರಲ್ರೀ!" ಅಂತ ಈಗ ನಿಜವಾಗ್ಲೂ ಗುಡುಗಿದ್ರು. ಅಷ್ಟೇ, ನಗು ಅಂದ್ರೆ ನಗು. ಸಭಾಧ್ಯಕ್ಷರ ಮುಖ ಇಷ್ಟೇ ಇಷ್ಟಾಯ್ತು. "ತಪ್ಪಾಯ್ತು, ಕಡತದಿಂದ ತೆಗೆದುಹಾಕಿ, ಟೀವಿಯವ್ರು ಕಟ್ ಮಾಡಿ" ಅಂತ ಕೈ ಬೀಸ್ತಿದ್ರು. ಎಲ್ಲಿ ಕಟ್ ಮಾಡ್ತಾರೆ, ಅದಾಗ್ಲೇ ನೂರು ಫೋನಿಗೆ ಹೋಗಿತ್ತು. ಬಾಕಿ ಕಥೆ ಮೇಣದಬತ್ತಿ ಸಮೇತ ನೀವು ನೋಡಿದ್ದೀರಾ.

ಆಮೇಲೆ ದೊಡ್ಡಮ್ಮ ಉತ್ತರ ಕೊಡೋಕೆ ಎದ್ರು. ನಾನು ಎಷ್ಟು ದೊಡ್ಡ ಭಾಷಣ ಕಾದಿದ್ದೆ ಗೊತ್ತಾ, ಕ್ಲಿಪ್ ಮಾಡಿ ಹಾಕೋಕೆ ಟೈಟಲ್ ಸಮೇತ ರೆಡಿ ಇಟ್ಕೊಂಡಿದ್ದೆ. ಅವರು ಹೇಳಿದ್ದು ಇಷ್ಟೇ: "ಕಡತದಿಂದ ತೆಗೀಬೇಡಿ, ಇರ್ಲಿ. ನನ್ನ ಪಾಲಿನ ಮೌನ ನಾನೇ ನಿಂತು ಕೇಳಿಸ್ಕೊಳ್ಳೋ ಭಾಗ್ಯ ಯಾರಿಗೆ ಸಿಗುತ್ತೆ. ಅಣ್ಣ ಹೇಳಿದ್ದು ನಿಜ. ಆದ್ರೆ ಕೊನೆಗೆ ವಾಪಸ್ ಬಂದು ಕೂತಿದ್ದು ನಾನೇ, ನನ್ನ ಕಾಲ್ಮೇಲೆ ನಾನೇ ಬಂದಿದ್ದು. ಅದನ್ನ ಹೊಗಳೋದೂ ಬೇಡ, ಅದಕ್ಕೆ ಅಣ್ಣ ಅಳೋದೂ ಬೇಡ. ಎಲ್ಲಾದ್ರೂ ಚಿಲಕ ಸಡಿಲ ಆಗಿರೋದು ಕಂಡ್ರೆ ಭದ್ರ ಮಾಡಿ. ಬರ್ತೀನಿ." ಕೂತ್ಬಿಟ್ರು. ಆಗ್ಲೂ ಕೈ ಮೇಜಿನ ಕೆಳಗೇ.

ಸಂಜೆ ಮನೇಲಿ ನಾನು ಬಿಡ್ಲಿಲ್ಲ. "ದೊಡ್ಡಪ್ಪಂಗೆ ಯಾಕೆ ಹೇಳ್ಲಿಲ್ಲ? ಒಂದು ಮಾತು ಹೇಳಿದ್ರೆ ಇಷ್ಟು ವರ್ಷ ಹೀಗಾಗ್ತಿತ್ತಾ?" ಅಂತ ಜಗಳಾನೇ ಮಾಡ್ದೆ. ಅವರು ಬ್ರೆಡ್ಡು ಟೀಲಿ ಅದ್ದಿಕೊಂಡು, ಅದು ಮುರಿದು ಕಪ್ಪಲ್ಲಿ ಬಿದ್ದೋಗಿ, ಅದನ್ನೇ ನೋಡ್ತಾ ಹೇಳಿದ್ರು: "ಹೇಳಿದ್ರೆ ನೆಪ ಆಗ್ತಿತ್ತು ಪುಟ್ಟಿ. ಅವ್ರು ಬಂದ್ಲಾ ಅಂತ ಕೇಳಿದಾಗ ನಾನು ಬಂದಿರ್ಲಿಲ್ಲ. ಅದಕ್ಕೆ ಕಾರಣ ಎಷ್ಟು ಚೆನ್ನಾಗಿದ್ರೆ ಏನು." ಕಪ್ಪು ಪಕ್ಕಕ್ಕೆ ತಳ್ಳಿ ಅವರಷ್ಟಕ್ಕೇ ಅಂದ್ರು: "ಆ ಮೌನದಲ್ಲಿ ಅವರೆಲ್ಲಾ ನನ್ನ ನೆನೀತಿದ್ರು. ನಾನು ಆ ಆಸ್ಪತ್ರೆ ಬಾಗ್ಲು ನೆನೀತಿದ್ದೆ. ಅದು ಹೇಗಿತ್ತು ಅಂತಾನೂ ನನಗೆ ಗೊತ್ತಿಲ್ಲ ನೋಡು. ನಿಮ್ಮಮ್ಮ ಹಸಿರು ಬಣ್ಣ ಅಂತಾಳೆ."

ನಿನ್ನೆ ಮಧ್ಯಾಹ್ನ, ಆ ಮೇಣದಬತ್ತಿ ಫೋಟೋ ಎಲ್ಲಾ ಕಡೆ ಓಡಾಡ್ತಿದ್ದಾಗ, ಇಲ್ಲಿನ ಲ್ಯಾಂಡ್‌ಲೈನಿಗೆ ಒಂದು ಕಾಲ್ ಬಂತು. ದೊಡ್ಡಮ್ಮನೇ ಎತ್ತಿದ್ರು. "ಹಲೋ" ಅಂದ್ರು. ಆ ಕಡೆ ಯಾರೂ ಮಾತಾಡ್ಲಿಲ್ಲ. ಬೆಳಿಗ್ಗೆಯಿಂದ ಅಂಥ ಕಿಡಿಗೇಡಿ ಕಾಲ್‌ಗಳು ಬರ್ತಾನೇ ಇದ್ವು, ಅದನ್ನೆಲ್ಲಾ ಟಪ್ ಅಂತ ಇಡ್ತಿದ್ರು. ಇದನ್ನ ಇಡ್ಲಿಲ್ಲ. ಎರಡೂ ಕೈಲಿ ರಿಸೀವರ್ ಹಿಡ್ಕೊಂಡು ತುಂಬಾ ಹೊತ್ತು ನಿಂತಿದ್ರು. ಹಿಂದುಗಡೆ ಕೀ ಉಜ್ಜೋ ಮೆಷಿನ್ ಶಬ್ದ ಕೇಳ್ತಿತ್ತೋ ಏನೋ, ನನಗೆ ಗೊತ್ತಿಲ್ಲ, ನಾನು ದೂರ ಇದ್ದೆ. ಕೊನೆಗೆ ಬಹಳ ಮೆಲ್ಲಗೆ "ಇದ್ದೀನಿ" ಅಂದು ಇಟ್ರು. ಯಾರು ಅಂತ ಕೇಳಿದ್ರೆ "ರಾಂಗ್ ನಂಬರ್" ಅಂದ್ರು. ರಾಂಗ್ ನಂಬರಿಗೆ ಯಾರಾದ್ರೂ ಮುಖ ತೊಳ್ಕೊಂಡು ಬರ್ತಾರಾ ದೊಡ್ಡಪ್ಪ? ಅದು ನೀವೇ ತಾನೇ? ನೀವಲ್ಲ ಅಂದ್ರೆ ಹೇಳ್ಬೇಡಿ, ನಾನು ನೀವೇ ಅಂದ್ಕೊಂಡಿದ್ದೀನಿ.

ಇಷ್ಟೇ ಸಮಾಚಾರ. ಅಮ್ಮ ನಿಮ್ಮನ್ನ ಕೇಳಿದ್ದಾಗಿ ಹೇಳು ಅಂದಿದ್ದಾರೆ, ಅಪ್ಪ ತಮ್ಮ ಬೀರು ಕೀ ಮತ್ತೆ ಕಳ್ಕೊಂಡಿದ್ದಾರೆ. ಪೇಂಟ್ ಅಂಗಡಿಯವ್ರಿಗೆ ದೊಡ್ಡಮ್ಮ ಗಟ್ಟಿಮುಟ್ಟಾಗಿದ್ದಾರೆ ಅಂತ ಹೇಳಿ. ಮಾತ್ರೆ ನುಂಗಿ. ಸ್ಟೂಲ್ ಮೇಲೆ ಹತ್ಬೇಡಿ. ದೂರದಿಂದಲೇ ನಿಮ್ಮ ಕಾಲು ಮುಟ್ಟಿದೆ ಅಂದ್ಕೊಂಡು ತಲೆ ಮೇಲೆ ಕೈಯಿಡಿ, ಪರೀಕ್ಷೆ ಹತ್ರ ಬಂದಿದೆ.

ಯಾವತ್ತೂ ನಿಮ್ಮ ತಲೆ ತಿನ್ನೋ,
ಪಟಾಕಿ

ತಾ.ಕ.: ಪೋಸ್ಟ್ ಡಬ್ಬ ತೆಗೆಯೋ ಹೊತ್ತಾಯ್ತು, ಬೇಗ ಬೇಗ ಬರೀತಿದ್ದೀನಿ. ಮೇಲೆ ಗಟ್ಟಿಮುಟ್ಟು ಅಂತ ಬರ್ದಿದ್ದು ಸುಳ್ಳು. ಮಂಗಳವಾರ ಹೊರಡೋವಾಗ ಸೆಕ್ಯೂರಿಟಿ ಅಕ್ಕ ಸ್ಕ್ರೂಡ್ರೈವರ್ ವಾಪಸ್ ಕೊಟ್ಟು, "ಅಮ್ಮ, ಗೇಟ್ ಪಕ್ಕದ ನಮ್ಮ ಟಾಯ್ಲೆಟ್ ಚಿಲಕಾನೇ ನೇತಾಡ್ತಿದೆ, ಕೊನೇ ಸಲ ನಿಮ್ಮ ಕೈಯಿಂದ" ಅಂದ್ರು. ದೊಡ್ಡಮ್ಮ ಖುಷಿಯಿಂದ ಹೋದ್ರು. ಆಗ್ಲಿಲ್ಲ ದೊಡ್ಡಪ್ಪ. ಕೈ ನಡುಗಿ ನಡುಗಿ ತುದಿ ಸ್ಕ್ರೂ ಮೇಲೆ ನಿಲ್ತಾನೇ ಇಲ್ಲ, ಜಾರಿ ಬಾಗ್ಲೆಲ್ಲಾ ಗೀರಾಯ್ತು. ನಾನು ಇಸ್ಕೊಂಡು ತಿರುಗಿಸ್ದೆ, ಉಲ್ಟಾ ತಿರುಗಿಸಿ ಇದ್ದಿದ್ದೂ ಬಿಚ್ಕೊಂಡು ಬಂತು. "ಬೀಗದವ್ರ ಮನೆ ಹುಡುಗಿ ನೋಡು" ಅಂತ ದೊಡ್ಡಮ್ಮ ನಕ್ಕು, ಎರಡೂ ಕೈನ ಬ್ಯಾಗ್ ಕೆಳಗೆ ಬಚ್ಚಿಟ್ಕೊಂಡ್ರು. ವರ್ಷದಿಂದ ಹೀಗೇ ಇದೆಯಂತೆ, ಇನ್ನು ಹೆಚ್ಚಾಗುತ್ತೆ ಅಂದಿದ್ದಾರಂತೆ ಡಾಕ್ಟರು. ಅದಕ್ಕೇ ರಾಜೀನಾಮೆ. ಯಾರಿಗೂ ಹೇಳ್ಬೇಡ ಅಂತ ನನ್ನ ಹತ್ರ ಮಾತು ತಗೊಂಡಿದ್ದಾರೆ, ಮಾತು ಮುರಿಯೋದ್ರಲ್ಲಿ ನಾನೂ ಈಗ ಗುಡುಗು ಪಾರ್ಟಿ. ಸ್ಕ್ರೂಡ್ರೈವರ್ ನಿಮಗೆ ಪೋಸ್ಟ್ ಮಾಡು, ಇನ್ನು ನನಗೆ ಬೇಡ ಅಂದ್ರು. ನಾನು ಮಾಡಲ್ಲ, ನೀವೇ ಬಂದು ತಗೊಳ್ಳಿ. ತಿಂಗಳ ಕೊನೇವರೆಗೂ ಇದೇ ಮನೇಲಿರ್ತೀವಿ. ಒಳಗಿಂದ ಚಿಲಕ ಹಾಕಿದ್ರೆ ಮತ್ತೆ ತೆಗಿಯೋಕೆ ಅವರ ಕೈಲಾಗಲ್ಲ, ಅದಕ್ಕೆ ಈಗ ಹಗಲೆಲ್ಲಾ ಹಾಕೋದೇ ಇಲ್ಲ. ನೀವು ಬೈತಿದ್ರಲ್ಲ, ಮನೆ ಬಾಗ್ಲು ತೆರೆದು ಬಿಡ್ತಾಳೆ ಅಂತ. ಹಾಗೇ ಇದೆ. ಬೆಲ್ ಒತ್ಬೇಡಿ, ತಳ್ಳಿದ್ರೆ ಸಾಕು.